ಫಿನಾಲಿಗೆ ಕ್ಲೋರಿನ್ ಸೇರಿದಾಗ: ಕೊಟ್ಟಿಗೆ, ಮನೆ ಮತ್ತು ಕಾಫಿ ಗೋದಾಮಿನಲ್ಲಿ ಫಿನಾಲಿಕ್ ಸೋಂಕುನಿವಾರಕಗಳ ಸರಿಯಾದ ಬಳಕೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹಸು ಕಟ್ಟಿರುವ ಮನೆಗಳಲ್ಲಿ ಫಿನೈಲ್ ಬಾಟಲಿ ಇಲ್ಲದ ಮನೆ ಕಡಿಮೆ. ಅದೇ ಕಪಾಟಿನಲ್ಲಿ, ಸಾಮಾನ್ಯವಾಗಿ ಅದೇ ಸಾಲಿನಲ್ಲಿ, ಬ್ಲೀಚಿಂಗ್ ಪೌಡರ್ ಕೂಡ ಇರುತ್ತದೆ. ಎರಡೂ ರೋಗಾಣುಗಳನ್ನು ಕೊಲ್ಲುವ ವಸ್ತುಗಳಾದ್ದರಿಂದ ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿದರೆ ಇಮ್ಮಡಿ ಬಲ ಬರುತ್ತದೆ ಎಂದು ನಂಬಿರುವವರು ನಮ್ಮ ಕಡೆ ಅನೇಕರಿದ್ದಾರೆ. ಕಪ್ಪು ಫಿನೈಲಿನಲ್ಲಿ ಕೆಲಸ ಮಾಡುವುದು ಫಿನಾಲ್ ಜಾತಿಯ, ಅಂದರೆ ಫಿನಾಲಿಕ್, ವಸ್ತುಗಳು; ಬ್ಲೀಚಿಂಗ್ ಪೌಡರಿನಲ್ಲಿ ಕೆಲಸ ಮಾಡುವುದು ಕ್ಲೋರಿನ್. ಫಿನಾಲಿನ ಅಣುವಿಗೆ ಕ್ಲೋರಿನ್ ಸೇರಿದರೆ ಅದರ ಕೊಲ್ಲುವ ಶಕ್ತಿ ಹೆಚ್ಚುತ್ತದೆ ಎನ್ನುವುದು ರಸಾಯನ ವಿಜ್ಞಾನದ ದೃಷ್ಟಿಯಿಂದ ನಿಜವೇ. ಆದರೆ ಆ ಜೋಡಣೆ ಎಲ್ಲಿ, ಎಷ್ಟು, ಯಾವ ಸ್ಥಾನದಲ್ಲಿ ಆಗುತ್ತದೆ ಎನ್ನುವುದರ ಮೇಲೆ ಸಿಗುವ ವಸ್ತು ಔಷಧವೋ ವಿಷವೋ ಎಂಬುದು ನಿರ್ಧಾರವಾಗುತ್ತದೆ. ಬಕೆಟ್‌ನಲ್ಲಿ ಅದನ್ನು ನಿಯಂತ್ರಿಸಲು ಸಾಧ್ಯವಿಲ್ಲ. ಆದ್ದರಿಂದ ಕ್ಲೋರಿನ್ ಸೇರಿಸಿದ ಫಿನಾಲುಗಳನ್ನು ತಯಾರಿಸುವುದನ್ನು ಕಾರ್ಖಾನೆಗೆ ಬಿಟ್ಟು, ಸಿದ್ಧವಾಗಿ ಸಿಗುವವುಗಳನ್ನು ಗುರುತಿಸಿ ಕೊಳ್ಳುವುದು ಹೇಗೆ, ಅವುಗಳಿಂದ ಪೂರ್ತಿ ಕೆಲಸ ತೆಗೆಯುವುದು ಹೇಗೆ, ಎಲ್ಲಿ ಅವುಗಳನ್ನು ಬಳಸಲೇಬಾರದು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕ್ಲೋರಿನ್ ಸೇರಿದರೆ ಬಲ ಹೆಚ್ಚುವುದು ಏಕೆ

ಕಲ್ಲಿದ್ದಲಿನ ಡಾಂಬರಿನಿಂದ ಫಿನಾಲನ್ನು ಮೊದಲು ಬೇರ್ಪಡಿಸಿದ್ದು 1834ರಲ್ಲಿ, ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ. ಜೋಸೆಫ್ ಲಿಸ್ಟರ್ 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಕಾಲುಮೂಳೆ ಮುರಿದು ಗಾಯವಾಗಿದ್ದ ಒಬ್ಬ ಹುಡುಗನ ಗಾಯಕ್ಕೆ ಅದನ್ನೇ, ಆಗಿನ ಹೆಸರಿನಲ್ಲಿ ಕಾರ್ಬಾಲಿಕ್ ಆಮ್ಲವನ್ನು, ಹಚ್ಚಿ ಕೀವಾಗದಂತೆ ವಾಸಿಮಾಡಿದ ಮೇಲೆ ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಆದರೆ ಶುದ್ಧ ಫಿನಾಲ್ ಚರ್ಮವನ್ನು ಸುಡುತ್ತದೆ, ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ, ಮತ್ತು ಅದರ ಕೆಲಸಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಕಡಿಮೆ ಪ್ರಮಾಣದಲ್ಲಿ ಹೆಚ್ಚು ಕೆಲಸ ಮಾಡುವ, ಮೈಗೆ ಕಡಿಮೆ ಹಾನಿ ಮಾಡುವ ಫಿನಾಲನ್ನು ಹುಡುಕುವ ಪ್ರಯತ್ನದಿಂದಲೇ ಕ್ಲೋರಿನ್ ಸೇರಿದ ಫಿನಾಲುಗಳು ಬಳಕೆಗೆ ಬಂದವು.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪ್ರಯೋಗಾಲಯದ ಒಂದು ಪರೀಕ್ಷೆ ನೆನಪಿರಬಹುದು. ಫಿನಾಲ್ ದ್ರಾವಣಕ್ಕೆ ಬ್ರೋಮಿನ್ ನೀರು ಹಾಕಿದ ತಕ್ಷಣ ಕೆಂಗಂದು ಬಣ್ಣ ಮಾಯವಾಗಿ ಬಿಳಿಯ ಗಷ್ಟು ಇಳಿಯುತ್ತದೆ. ಫಿನಾಲಿನ ಉಂಗುರಕ್ಕೆ (ಬಳೆಯಂತೆ ಜೋಡಿಸಿಕೊಂಡ ಆರು ಇಂಗಾಲದ ಪರಮಾಣುಗಳಿಗೆ) ಅಂಟಿಕೊಂಡಿರುವ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ ಮತ್ತು ಜಲಜನಕದ ಜೋಡಿ) ಉಂಗುರವನ್ನು ಬಹಳ ಚುರುಕುಗೊಳಿಸುವುದರಿಂದ, ವೇಗವರ್ಧಕದ ಸಹಾಯವೇ ಇಲ್ಲದೆ ಮೂರು ಬ್ರೋಮಿನ್ ಪರಮಾಣುಗಳು ಒಮ್ಮೆಗೇ ಅದರ ಮೇಲೆ ಕೂರುತ್ತವೆ. ಕ್ಲೋರಿನ್ ವಿಷಯದಲ್ಲೂ ಆಗುವುದು ಇದೇ ಬಗೆಯ ಕ್ರಿಯೆ. ಹೈಡ್ರಾಕ್ಸಿಲ್ ಗುಂಪಿನ ಅಕ್ಕಪಕ್ಕದ ಎರಡು ಸ್ಥಾನ ಮತ್ತು ಎದುರಿನ ಒಂದು ಸ್ಥಾನ, ಈ ಮೂರು ಕಡೆ ಕ್ಲೋರಿನ್ ಸುಲಭವಾಗಿ ಸೇರುತ್ತದೆ. ಎಷ್ಟು ಸುಲಭವೆಂದರೆ, ಬೇಕಾದ ಒಂದೇ ಸ್ಥಾನದಲ್ಲಿ ಒಂದೇ ಕ್ಲೋರಿನ್ ಕೂರುವಂತೆ ಮಾಡುವುದೇ ಕಾರ್ಖಾನೆಯವರ ದೊಡ್ಡ ತಲೆನೋವು.

ರೋಗಾಣುವಿನ ಜೀವಕೋಶದ ಸುತ್ತ ಕೊಬ್ಬಿನಂಶವಿರುವ ತೆಳುವಾದ ಪೊರೆ ಇರುತ್ತದೆ. ಫಿನಾಲಿಕ್ ವಸ್ತುಗಳು ಈ ಪೊರೆಯೊಳಗೆ ನುಗ್ಗಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಪೊಟ್ಯಾಸಿಯಂ ಮುಂತಾದವು ಹೊರಗೆ ಸೋರಿ, ಪ್ರೋಟೀನುಗಳು ಕೆಟ್ಟು, ಜೀವಕೋಶ ಸಾಯುತ್ತದೆ. ಸಾದಾ ಫಿನಾಲ್ ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತು, ಒಂದು ಲೀಟರ್ ನೀರಿನಲ್ಲಿ ಸುಮಾರು 80 ಗ್ರಾಂ ಕರಗುತ್ತದೆ. ಹಾಗಾಗಿ ಅದರ ಬಹುಪಾಲು ನೀರಿನಲ್ಲೇ ಉಳಿದುಬಿಡುತ್ತದೆ. ಉಂಗುರಕ್ಕೆ ಒಂದು ಕ್ಲೋರಿನ್ ಸೇರಿದ ಕೂಡಲೇ ಅಣುವಿಗೆ ನೀರಿನ ಮೇಲಿನ ಒಲವು ಕಡಿಮೆಯಾಗಿ ಕೊಬ್ಬಿನ ಮೇಲಿನ ಒಲವು ಹಲವು ಪಟ್ಟು ಹೆಚ್ಚುತ್ತದೆ, ಅಂದರೆ ಅದು ನೀರನ್ನು ಬಿಟ್ಟು ರೋಗಾಣುವಿನ ಪೊರೆಯತ್ತ ಹೋಗುತ್ತದೆ. ಉಂಗುರದ ಮೇಲೆ ಮೀಥೈಲ್ ಗುಂಪುಗಳೂ ಇದ್ದರೆ ಈ ಗುಣ ಇನ್ನಷ್ಟು ಬಲವಾಗುತ್ತದೆ. ಎರಡು ಮೀಥೈಲ್ ಗುಂಪು ಮತ್ತು ಒಂದು ಕ್ಲೋರಿನ್ ಇರುವ ಕ್ಲೋರೋಕ್ಸಿಲೆನಾಲ್ ಎಂಬ ವಸ್ತು ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಕೂಡ ಕರಗುವುದಿಲ್ಲ, ಆದರೆ ಫಿನಾಲಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಮನೆಮನೆಯಲ್ಲಿರುವ ಡೆಟಾಲ್ ದ್ರವದಲ್ಲಿರುವುದು ಶೇಕಡ 4.8ರಷ್ಟು ಇದೇ ಕ್ಲೋರೋಕ್ಸಿಲೆನಾಲ್. ಜೊತೆಗೆ ಹರಳೆಣ್ಣೆಯ ಸೋಪು, ಪೈನ್ ಎಣ್ಣೆ ಮತ್ತು ಮದ್ಯಸಾರ ಇರುತ್ತವೆ. ಹೊಂಬಣ್ಣದ ಆ ದ್ರವದ ಒಂದು ಹನಿಯನ್ನು ಗಾಜಿನ ಲೋಟದ ನೀರಿಗೆ ಬಿಟ್ಟು ನೋಡಿದರೆ ಹನಿ ಕೆಳಗಿಳಿಯುತ್ತಾ ಬಿಳಿಯ ಎಳೆಗಳಾಗಿ ಬಿಚ್ಚಿಕೊಂಡು ಇಡೀ ಲೋಟ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಕರಗಲಾರದ ವಸ್ತು ಸೋಪಿನ ಆಸರೆಯಲ್ಲಿ ಸೂಕ್ಷ್ಮ ಹನಿಗಳಾಗಿ ಹರಡಿಕೊಳ್ಳುವುದೇ ಆ ಬಿಳುಪಿಗೆ ಕಾರಣ.

ಹಾಗಾದರೆ ಕ್ಲೋರಿನ್ ಹೆಚ್ಚಿಸುತ್ತಾ ಹೋದಂತೆ ಬಲವೂ ಹೆಚ್ಚುತ್ತಲೇ ಹೋಗುತ್ತದೆಯೇ? ಇಲ್ಲ. ಪ್ರತಿಯೊಂದು ಕ್ಲೋರಿನ್ ಕೂಡ ಫಿನಾಲಿನ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಅದನ್ನು ಪಿಕೆಎ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ, ಸಂಖ್ಯೆ ಇಳಿದಷ್ಟೂ ಆಮ್ಲ ಬಲವಾದದ್ದು. ಸಾದಾ ಫಿನಾಲಿನ ಪಿಕೆಎ ಸುಮಾರು 10, ಎರಡು ಕ್ಲೋರಿನ್ ಇರುವ 2,4-ಡೈಕ್ಲೋರೋಫಿನಾಲಿನದು 8ರ ಹತ್ತಿರ, ಮೂರು ಇರುವ 2,4,6-ಟ್ರೈಕ್ಲೋರೋಫಿನಾಲಿನದು 6ರ ಆಸುಪಾಸು, ಐದು ಇರುವ ಪೆಂಟಾಕ್ಲೋರೋಫಿನಾಲಿನದು 5ಕ್ಕಿಂತ ಕಡಿಮೆ. ಪಿಕೆಎ ಇಷ್ಟು ಇಳಿದಾಗ ಸಾಮಾನ್ಯ ನೀರಿನಲ್ಲೇ ಅಣುವಿನ ಬಹುಪಾಲು ವಿದ್ಯುದಂಶವಿರುವ ಅಯಾನಾಗಿ ಒಡೆದಿರುತ್ತದೆ, ಮತ್ತು ಅಯಾನುಗಳಿಗೆ ಪೊರೆಯನ್ನು ದಾಟುವುದು ಕಷ್ಟ. ಹೀಗೆ ಒಂದು ಕೈಯಲ್ಲಿ ಕೊಟ್ಟ ಬಲವನ್ನು ಕ್ಲೋರಿನ್ ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ. ಇದೇ ವೇಳೆ ಮನುಷ್ಯ, ಮೀನು, ದನಗಳಿಗೆ ಆಗುವ ವಿಷಪರಿಣಾಮ ಮತ್ತು ಮಣ್ಣಿನಲ್ಲಿ ಕೊಳೆಯದೆ ಉಳಿಯುವ ಗುಣ ಮಾತ್ರ ಏರುತ್ತಲೇ ಹೋಗುತ್ತವೆ. ಚರ್ಮಕ್ಕೆ ತಾಗಬಹುದಾದ ಸೋಂಕುನಿವಾರಕಗಳಲ್ಲಿ ಕ್ಲೋರೋಕ್ಸಿಲೆನಾಲ್, ಕ್ಲೋರೋಕ್ರೆಸಾಲ್ ಮುಂತಾದ ಒಂದೇ ಕ್ಲೋರಿನ್ ಇರುವ ವಸ್ತುಗಳು ಇಂದಿಗೂ ಉಳಿದುಕೊಂಡು, ಹೆಚ್ಚು ಕ್ಲೋರಿನ್ ಇರುವವು ಒಂದೊಂದಾಗಿ ಮರೆಗೆ ಸರಿದದ್ದು ಈ ಕಾರಣಕ್ಕೆ.

ಬಕೆಟ್‌ನಲ್ಲಿ ಕಲಸಿದರೆ ಆಗುವ ಅನಾಹುತ

ಫಿನೈಲ್ ಮತ್ತು ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಕಲಸಿದಾಗ ಒಂದು, ಎರಡು, ಮೂರು ಕ್ಲೋರಿನ್ ಇರುವ ಫಿನಾಲುಗಳು, ಫಿನೈಲಿನಲ್ಲಿರುವ ಕ್ರೆಸಾಲ್ ಎಂಬ ಫಿನಾಲಿಕ್‌ಗಳ ಕ್ಲೋರಿನ್ ರೂಪಗಳು ಮತ್ತು ಅರ್ಧಕ್ಕೆ ಒಡೆದ ಕಂದು ಬಣ್ಣದ ವಸ್ತುಗಳ ಕಲಬೆರಕೆ ಉಂಟಾಗುತ್ತದೆ. ಕ್ಲೋರಿನ್ ಈ ಕೆಲಸದಲ್ಲಿ ಖರ್ಚಾಗಿ ಹೋಗುವುದರಿಂದ ಬ್ಲೀಚಿಂಗ್ ಪೌಡರ್ ತನ್ನ ಸ್ವಂತ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಫಿನೈಲ್ ಕೂಡ ಮೊದಲಿನ ಗುಣದಲ್ಲಿ ಉಳಿಯುವುದಿಲ್ಲ. ಎರಡಕ್ಕೂ ಕೊಟ್ಟ ದುಡ್ಡು ನೀರಿಗೆ ಹೋಯಿತು ಎನ್ನುವುದು ಸಣ್ಣ ನಷ್ಟ. ಕಣ್ಣು ಗಂಟಲುಗಳನ್ನು ಉರಿಸುವ ಹಬೆ ಮತ್ತು ನೆಲದಲ್ಲಿ ಬಹುಕಾಲ ಉಳಿಯುವ ಘಾಟು ವಾಸನೆ ಅದಕ್ಕಿಂತ ದೊಡ್ಡವು. ಆ ಬಕೆಟ್‌ಗೆ ಶೌಚಾಲಯ ತೊಳೆಯುವ ಆಮ್ಲವೂ ಬಿದ್ದರೆ ಕ್ಲೋರಿನ್ ಅನಿಲವೇ ಹೊರಬರುತ್ತದೆ. ಗಂಜಲ ನಿಂತಿರುವ ಕೊಟ್ಟಿಗೆಯ ನೆಲಕ್ಕೆ ನೇರವಾಗಿ ಬ್ಲೀಚಿಂಗ್ ಪೌಡರ್ ಎರಚಿದರೂ ಗಂಜಲದ ಅಮೋನಿಯ ಅದರೊಂದಿಗೆ ಸೇರಿ ಕ್ಲೋರಮೀನುಗಳಾಗಿ ಎದೆ ಬಿಗಿಯುವಂತೆ ಮಾಡುತ್ತದೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಬಗ್ಗಿ ಕೆಲಸ ಮಾಡುವವರು, ಅದರಲ್ಲೂ ಉಬ್ಬಸ ಇರುವವರು, ಇದರಿಂದ ಆಸ್ಪತ್ರೆ ಸೇರುವ ಸಂದರ್ಭ ಬರಬಹುದು.

ಕಾರ್ಖಾನೆಗಳಲ್ಲೇ ಈ ರಸಾಯನ ಕ್ರಿಯೆ ಕೈ ತಪ್ಪಿದ ಉದಾಹರಣೆಗಳಿವೆ. ಇಟಲಿಯ ಸೆವೆಸೊ ಪಟ್ಟಣದ ಬಳಿ 1976ರ ಜುಲೈ 10ರಂದು ಟ್ರೈಕ್ಲೋರೋಫಿನಾಲ್ ತಯಾರಿಸುತ್ತಿದ್ದ ಘಟಕದಲ್ಲಿ ಶಾಖ ಮಿತಿಮೀರಿ, ಟಿಸಿಡಿಡಿ ಎಂಬ ಡಯಾಕ್ಸಿನ್ (ಬೇಗ ಕೊಳೆಯದ ಕಡುವಿಷ) ಸೇರಿದ ಮೋಡ ಊರಿನ ಮೇಲೆ ಹರಡಿತು. ಮಕ್ಕಳ ಮುಖದ ಮೇಲೆ ಕ್ಲೋರಾಕ್ನೆ ಎಂಬ ಗುಳ್ಳೆಗಳೆದ್ದವು, ಸಾವಿರಾರು ಕೋಳಿ ಮೊಲಗಳು ಸತ್ತವು, ಉಳಿದ ಸಾಕುಪ್ರಾಣಿಗಳನ್ನು ಆಹಾರಕ್ಕೆ ಬಾರದಂತೆ ಕೊಲ್ಲಬೇಕಾಯಿತು. ಅಲ್ಲಿ ತಯಾರಾಗುತ್ತಿದ್ದ ಟ್ರೈಕ್ಲೋರೋಫಿನಾಲ್ ಮುಂದೆ ಹೆಕ್ಸಾಕ್ಲೋರೋಫೀನ್ ಎಂಬ ಸೋಂಕುನಿವಾರಕಕ್ಕೆ ಕಚ್ಚಾವಸ್ತುವಾಗುತ್ತಿತ್ತು. ಆರು ಕ್ಲೋರಿನ್ ಇರುವ ಈ ಹೆಕ್ಸಾಕ್ಲೋರೋಫೀನನ್ನು ಒಂದು ಕಾಲದಲ್ಲಿ ಎಳೆಮಕ್ಕಳ ಸ್ನಾನಕ್ಕೂ ಬಳಸುತ್ತಿದ್ದರು. ಫ್ರಾನ್ಸಿನಲ್ಲಿ 1972ರಲ್ಲಿ ಮಕ್ಕಳ ಪೌಡರಿಗೆ ತಪ್ಪಿನಿಂದ ಅದು ಶೇಕಡ 6ಕ್ಕೂ ಹೆಚ್ಚು ಸೇರಿಹೋಗಿ 36 ಮಕ್ಕಳು ಸತ್ತ ಮೇಲೆ ಅದರ ಬಳಕೆಯನ್ನು ಹಲವು ದೇಶಗಳು ಬಿಗಿಗೊಳಿಸಿದವು. ಮರಕ್ಕೆ ಹುಳ ಹಿಡಿಯದಂತೆ ಹಚ್ಚುತ್ತಿದ್ದ ಪೆಂಟಾಕ್ಲೋರೋಫಿನಾಲನ್ನು ಭಾರತದಲ್ಲಿ ಕೀಟನಾಶಕವಾಗಿ ನಿಷೇಧಿಸಲಾಗಿದೆ, 2015ರಲ್ಲಿ ಅದು ಬೇಗ ಕೊಳೆಯದ ವಿಷವಸ್ತುಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ತಾಪ ಮತ್ತು ಒತ್ತಡವನ್ನು ಅಳೆಯುವ ಉಪಕರಣ, ಶುದ್ಧೀಕರಣದ ಗೋಪುರ, ಪ್ರತಿ ತಂಡದ ಮಾಲಿಗೂ ಪರೀಕ್ಷೆ ಇರುವ ಕಡೆಯೇ ಇಷ್ಟು ಎಚ್ಚರ ಬೇಕಾದ ಕೆಲಸಕ್ಕೆ ನಮ್ಮ ಮನೆಯ ಹಿತ್ತಲು ತಕ್ಕ ಜಾಗವಲ್ಲ ಎಂಬ ನನ್ನ ಅಭಿಪ್ರಾಯದಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಕೊಳ್ಳುವಾಗ ಲೇಬಲ್ ಓದುವುದು

ಅಂಗಡಿಯಲ್ಲಿ ಫಿನೈಲ್ ಎಂದು ಕೇಳಿದರೆ ಕೊಡುವ ದ್ರವಗಳು ಒಂದೇ ಬಗೆಯವಲ್ಲ. ಕಪ್ಪು ಫಿನೈಲ್ ಡಾಂಬರಿನ ಆಮ್ಲಗಳಿಂದ, ಮುಖ್ಯವಾಗಿ ಕ್ರೆಸಾಲ್ ಮತ್ತು ಕ್ಸಿಲೆನಾಲುಗಳಿಂದ, ತಯಾರಾದದ್ದು. ಬಿಳಿ ಫಿನೈಲ್ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದು ಪೈನ್ ಎಣ್ಣೆಯ ಎಮಲ್ಷನ್ (ನೀರಿನಲ್ಲಿ ಸೂಕ್ಷ್ಮ ಹನಿಗಳಾಗಿ ಹರಡಿದ ಎಣ್ಣೆ) ಮಾತ್ರ. ಅದು ಮನೆಯ ನೆಲಕ್ಕೆ ಸಾಕು, ರೋಗ ಬಂದ ಕೊಟ್ಟಿಗೆಗೆ ಸಾಲದು. ಫಿನಾಲಿಕ್ ದ್ರವಗಳಿಗೆ ಐಎಸ್ 1061 ಎಂಬ ಭಾರತೀಯ ಮಾನಕವಿದೆ. ಬಾಟಲಿಯ ಮೇಲೆ ಆ ಸಂಖ್ಯೆ, ದರ್ಜೆ, ತಯಾರಾದ ತಿಂಗಳು ಮತ್ತು ಆರ್‌ಡಬ್ಲ್ಯು ಗುಣಾಂಕ ಇವೆಯೇ ಎಂದು ನೋಡಬೇಕು.

ಈ ಗುಣಾಂಕ 1903ರಲ್ಲಿ ರಿಡೀಲ್ ಮತ್ತು ವಾಕರ್ ರೂಪಿಸಿದ ಪರೀಕ್ಷೆಯದು. ಟೈಫಾಯ್ಡ್ ರೋಗಾಣುವನ್ನು ಐದು ನಿಮಿಷದಲ್ಲಿ ಕೊಲ್ಲದೆ ಏಳೂವರೆ ನಿಮಿಷದಲ್ಲಿ ಕೊಲ್ಲುವ ತೆಳುದ್ರಾವಣವನ್ನು ಕಂಡುಹಿಡಿದು, ಅದೇ ಕೆಲಸ ಮಾಡುವ ಶುದ್ಧ ಫಿನಾಲಿನ ದ್ರಾವಣದೊಂದಿಗೆ ಹೋಲಿಸುತ್ತಾರೆ. ಫಿನಾಲ್ ನೂರರಲ್ಲಿ ಒಂದು ಭಾಗ ಬೇಕಾದ ಕಡೆ ಈ ದ್ರವ ಸಾವಿರದಲ್ಲಿ ಒಂದು ಭಾಗ ಸಾಕಾದರೆ ಅದರ ಗುಣಾಂಕ 10. ಆದರೆ ಈ ಪರೀಕ್ಷೆ ನಡೆಯುವುದು ಶುಭ್ರವಾದ ಗಾಜಿನ ನಳಿಕೆಯಲ್ಲಿ, ಸಗಣಿಯ ನಡುವೆ ಅಲ್ಲ, ಮತ್ತು ಅದು ಟೈಫಾಯ್ಡ್ ರೋಗಾಣುವಿಗೆ ಸಂಬಂಧಿಸಿದ್ದು. ಆದ್ದರಿಂದ ಎರಡು ಫಿನೈಲುಗಳನ್ನು ಹೋಲಿಸಲು ಗುಣಾಂಕವನ್ನು ಬಳಸಿ, ಬೆರೆಸುವ ಪ್ರಮಾಣಕ್ಕೆ ಮಾತ್ರ ಲೇಬಲ್‌ನಲ್ಲಿ ಕೊಟ್ಟಿರುವ ಸೂಚನೆಯನ್ನೇ ಅನುಸರಿಸಬೇಕು.

ಕ್ಲೋರಿನ್ ಸೇರಿದ ಫಿನಾಲಿಕ್ ಬೇಕಾದರೆ ಘಟಕಗಳ ಪಟ್ಟಿಯಲ್ಲಿ ಕ್ಲೋರೋಕ್ಸಿಲೆನಾಲ್, ಕ್ಲೋರೋಕ್ರೆಸಾಲ್ ಎಂಬ ಹೆಸರುಗಳನ್ನು ಹುಡುಕಬೇಕು. ಸ್ಯಾವ್ಲಾನ್ ದ್ರವದಲ್ಲಿರುವುದು ಕ್ಲೋರ್‌ಹೆಕ್ಸಿಡಿನ್ ಮತ್ತು ಸೆಟ್ರಿಮೈಡ್, ಅದು ಫಿನಾಲಿಕ್ ಅಲ್ಲ. ಅದನ್ನು ಸೋಪಿನಂಶವಿರುವ ಫಿನೈಲಿನೊಂದಿಗೆ ಸೇರಿಸಿದರೆ ಎರಡೂ ಕೆಲಸ ಕೆಡುತ್ತವೆ. ನೀರಿನ ಹಳೆಯ ಬಾಟಲಿಗಳಲ್ಲಿ ತುಂಬಿ ಬೀದಿಯಲ್ಲಿ ಮಾರುವ ಫಿನೈಲನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಮತ್ತು ಬಾಯಾರಿದ ಮಗು ಆ ಬಾಟಲಿಯನ್ನು ನೀರೆಂದೇ ಎತ್ತಿಕೊಳ್ಳುತ್ತದೆ.

ಕೊಟ್ಟಿಗೆಯಲ್ಲಿ ಬಳಸುವ ಕ್ರಮ

ಮೊದಲು ದನಗಳನ್ನು ಹೊರಗೆ ಕಟ್ಟಿ, ಮೇವು ಮತ್ತು ಹಾಲಿನ ಕ್ಯಾನುಗಳನ್ನು ದೂರ ಇಡಬೇಕು. ನಂತರ ನೀರು ಮುಟ್ಟಿಸದೆ ಸಗಣಿ, ಹುಲ್ಲಿನ ಕಡ್ಡಿಗಳನ್ನು ಸಲಿಕೆಯಿಂದ ಎತ್ತಿ ತಿಪ್ಪೆಗೋ ಗೋಬರ್ ಗ್ಯಾಸ್ ತೊಟ್ಟಿಗೋ ಹಾಕಬೇಕು. ಸೋಂಕುನಿವಾರಣೆಯ ಹೆಚ್ಚಿನ ಪಾಲು ಮುಗಿಯುವುದು ಇಲ್ಲೇ. ಡಾಂಬರಿನ ಫಿನೈಲ್ ಸಗಣಿಯ ನಡುವೆಯೂ ಒಂದಿಷ್ಟು ಕೆಲಸ ಮಾಡುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಕ್ಲೋರೋಕ್ಸಿಲೆನಾಲ್ ಸಗಣಿ, ರಕ್ತ, ಹಾಲಿನ ಸಂಪರ್ಕದಲ್ಲಿ ಬೇಗ ಸೋಲುತ್ತದೆ. ಹಳೆಯ ಕೊಟ್ಟಿಗೆಗಳ ಕಲ್ಲುಚಪ್ಪಡಿಗಳ ಸಂದುಗಳನ್ನು ಕಬ್ಬಿಣದ ಕಡ್ಡಿಯಿಂದ ಕೆರೆದು ನೋಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕಪ್ಪು ಅಂಟಿನಂತಹ ಹಳೆಯ ಸಗಣಿ ಒದ್ದೆಯಾಗಿಯೇ ಕುಳಿತಿರುತ್ತದೆ, ಸುರಿದ ಫಿನೈಲ್ ಅದರ ಮೇಲಷ್ಟೇ ಹರಿದು ಮೋರಿ ಸೇರುತ್ತದೆ. ಸಂದುಗಳನ್ನು ಕೆರೆದು ತೆಗೆಯದೆ ಎಷ್ಟು ಬಲವಾದ ದ್ರವ ಸುರಿದರೂ ಫಲವಿಲ್ಲ. ಸಾಧ್ಯವಿದ್ದವರು ಸಂದುಗಳಿಗೆ ಸಿಮೆಂಟ್ ತುಂಬಿಸಿಬಿಟ್ಟರೆ ವರ್ಷಗಟ್ಟಲೆ ಫಿನೈಲಿನ ಖರ್ಚು ಉಳಿಯುತ್ತದೆ.

ಕೆರೆದ ಮೇಲೆ ನೆಲವನ್ನು ಸೋಪಿನ ಪುಡಿ ಅಥವಾ ವಾಷಿಂಗ್ ಸೋಡಾ ನೀರಿನಿಂದ ಉಜ್ಜಿ, ಅದರ ಅಂಶ ಉಳಿಯದಂತೆ ಸಾದಾ ನೀರಿನಿಂದ ತೊಳೆಯಬೇಕು. ಈ ಕೊನೆಯ ತೊಳೆಯುವಿಕೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಸೋಪು ಅತಿಯಾದರೆ ಅದರ ಸೂಕ್ಷ್ಮ ಗುಂಪುಗಳು ಫಿನಾಲಿಕ್ ಅಣುಗಳನ್ನು ತಮ್ಮೊಳಗೇ ಹಿಡಿದಿಟ್ಟುಕೊಂಡು ರೋಗಾಣುವಿನವರೆಗೆ ಹೋಗಲು ಬಿಡುವುದಿಲ್ಲ. ತಯಾರಕರು ಬಾಟಲಿಯಲ್ಲಿ ಸೋಪನ್ನು ಲೆಕ್ಕ ಹಾಕಿಯೇ ಸೇರಿಸಿರುತ್ತಾರೆ, ನಾವು ಮೇಲಿಂದ ಸೇರಿಸುವ ಪ್ರತಿ ಹಿಡಿಯೂ ಆ ಲೆಕ್ಕವನ್ನು ಕೆಡಿಸುತ್ತದೆ. ಸೋಡಾ, ಸುಣ್ಣ ಉಳಿದರೆ ಕ್ಷಾರತೆ ಏರಿ ಫಿನಾಲ್ ಅಯಾನಾಗಿ ಒಡೆದು ದುರ್ಬಲವಾಗುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಫಿನೈಲ್ ಸಿಂಪಡಿಸುವುದು ಇದೇ ಕಾರಣಕ್ಕೆ ವ್ಯರ್ಥ. ಸುಣ್ಣವೇ ಅಲ್ಲಿ ಸಾಕಷ್ಟು ಕೆಲಸ ಮಾಡುತ್ತಿರುತ್ತದೆ.

ದ್ರಾವಣವನ್ನು ಅಳತೆಯಿಂದ ತಯಾರಿಸಬೇಕು, ಬಣ್ಣ ನೋಡಿ ಅಲ್ಲ. ಹತ್ತು ಲೀಟರ್ ದ್ರಾವಣದಲ್ಲಿ 100 ಮಿಲಿಲೀಟರ್ ಇದ್ದರೆ ಶೇಕಡ 1. ಲೇಬಲ್ ಐವತ್ತರಲ್ಲಿ ಒಂದು ಎಂದಿದ್ದರೆ 15 ಲೀಟರಿನ ಬಕೆಟ್‌ಗೆ 300 ಮಿಲಿಲೀಟರ್ ಬೇಕು. ಶೇಕಡ 4.8ರ ಕ್ಲೋರೋಕ್ಸಿಲೆನಾಲ್ ದ್ರವವನ್ನು ಇಪ್ಪತ್ತರಲ್ಲಿ ಒಂದು ಭಾಗವಾಗಿ ತೆಳುಮಾಡಿದರೆ ಅದರ ಪ್ರಮಾಣ ಶೇಕಡ 0.24, ನಲವತ್ತರಲ್ಲಿ ಒಂದಾದರೆ 0.12. ಮುಚ್ಚಳದಲ್ಲಿ ಒಂದು ಸಲ ಬಗ್ಗಿಸಿ ಬಕೆಟ್ ತುಂಬಿಸಿದರೆ ವಾಸನೆ ಬರುತ್ತದೆಯೇ ಹೊರತು ರೋಗಾಣು ಸಾಯುವುದಿಲ್ಲ. ಫಿನಾಲಿಕ್ ದ್ರವಗಳ ವಿಶೇಷವೆಂದರೆ ಅವುಗಳನ್ನು ತೆಳುಮಾಡಿದಂತೆ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯದೆ ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಅರ್ಧ ಅಳತೆಯ ಫಿನೈಲ್ ಅರ್ಧ ಕೆಲಸ ಮಾಡುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೀರಿನ ಗುಣವೂ ಮುಖ್ಯ. ಮೂಡಿಗೆರೆ, ಸಕಲೇಶಪುರ, ಶೃಂಗೇರಿ ಕಡೆಯ ಹಳ್ಳದ ನೀರು ಮೆದು. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಫಿನೈಲಿನಲ್ಲಿರುವ ಸೋಪನ್ನು ಗಷ್ಟಾಗಿಸುವುದರಿಂದ ಎಮಲ್ಷನ್ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಬಕೆಟ್‌ನ ಮೇಲ್ಮೈಯಲ್ಲಿ ಕಂದು ಎಣ್ಣೆಯ ಚಕ್ಕೆಗಳು, ಅಂಚಿನಲ್ಲಿ ಅಂಟು ಕಂಡರೆ ಆ ದ್ರಾವಣವನ್ನು ನಂಬಬೇಡಿ. ಅಂತಹ ಊರುಗಳಲ್ಲಿ ಹಿಡಿದಿಟ್ಟ ಮಳೆನೀರನ್ನು ಈ ಕೆಲಸಕ್ಕೆ ಮೀಸಲಿಡುವುದು ಒಳ್ಳೆಯದು. ಚಳಿಯಲ್ಲಿ ಫಿನಾಲಿಕ್ ದ್ರವಗಳು ನಿಧಾನವಾಗಿ ಕೆಲಸ ಮಾಡುತ್ತವೆ, ಆದ್ದರಿಂದ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಬದಲು ಬಿಸಿಲೇರಿದ ಮೇಲೆ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಬಳಸಬೇಕು. ಕುದಿಯುವ ನೀರು ಬೇಡ, ಅದರ ಹಬೆಯೊಂದಿಗೆ ಫಿನಾಲ್ ಉಸಿರಿಗೆ ಸೇರುತ್ತದೆ.

ದ್ರಾವಣವನ್ನು ನೆಲದ ಮೇಲೆ ಸುರಿದು ಪೊರಕೆಯಿಂದ ಎಲ್ಲ ಕಡೆ ಹರಡಿ, ಲೇಬಲ್ ಹೇಳಿದಷ್ಟು ಹೊತ್ತು, ಅದು ಹೇಳದಿದ್ದರೆ ಕಡೇಪಕ್ಷ ಅರ್ಧ ಗಂಟೆ, ನೆಲ ಒಣಗದಂತೆ ಒದ್ದೆಯಾಗಿಯೇ ಇರಬೇಕು. ಆಮೇಲೆ ಗೋದಲಿ ಮತ್ತು ನೀರಿನ ತೊಟ್ಟಿಯನ್ನು ಸಾದಾ ನೀರಿನಿಂದ ಚೆನ್ನಾಗಿ ತೊಳೆದು, ನೆಲ ಒಣಗಿ ವಾಸನೆ ಕಡಿಮೆಯಾದ ಮೇಲಷ್ಟೇ ದನಗಳನ್ನು ಒಳಗೆ ತರಬೇಕು. ಈ ತೊಳೆದ ನೀರು ಗೋಬರ್ ಗ್ಯಾಸ್ ತೊಟ್ಟಿಗೆ ಹೋಗಬಾರದು, ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳು ಸತ್ತು ಒಲೆ ಹತ್ತದಂತಾಗುತ್ತದೆ. ಕೆರೆಗೂ ಹಳ್ಳಕ್ಕೂ ಹರಿಯಬಾರದು, ಕ್ಲೋರಿನ್ ಸೇರಿದ ಫಿನಾಲುಗಳು ಮೀನುಗಳಿಗೆ ಬಹಳ ಕಡಿಮೆ ಪ್ರಮಾಣದಲ್ಲೇ ವಿಷ. ಬಾವಿಯಿಂದ ದೂರದಲ್ಲಿ ಒಂದು ಇಂಗುಗುಂಡಿ ತೋಡಿಕೊಂಡರೆ ಈ ಎರಡೂ ತೊಂದರೆ ತಪ್ಪುತ್ತವೆ.

ಕೊಟ್ಟಿಗೆಯ ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇಡುವವರು ಅದರ ಮೇಲೆ ಸೂರು ಇರುವಂತೆ ನೋಡಿಕೊಳ್ಳಬೇಕು. ಮಲೆನಾಡಿನ ಜೂನ್, ಜುಲೈ ಮಳೆಯಲ್ಲಿ ಬಯಲಿನಲ್ಲಿಟ್ಟ ತೊಟ್ಟಿ ಅರ್ಧ ದಿನದಲ್ಲಿ ಬರೀ ನೀರಾಗುತ್ತದೆ. ದ್ರಾವಣವನ್ನು ದಿನವೂ, ಕೆಸರಾದರೆ ಇನ್ನೂ ಮೊದಲೇ, ಬದಲಿಸಬೇಕು, ಮತ್ತು ಚಪ್ಪಲಿಯ ಮಣ್ಣನ್ನು ಒರೆಸಿದ ಮೇಲೆಯೇ ಅದರಲ್ಲಿ ಕಾಲಿಡಬೇಕು.

ಯಾವ ರೋಗಕ್ಕೆ ಆದೀತು, ಯಾವುದಕ್ಕೆ ಆಗದು

ಚರ್ಮಗಂಟು ರೋಗದ ವೈರಾಣುವಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಶೇಕಡ 2ರ ಫಿನಾಲ್ ಅದನ್ನು 15 ನಿಮಿಷದಲ್ಲಿ ನಿಷ್ಕ್ರಿಯಗೊಳಿಸುತ್ತದೆ. 2022ರಲ್ಲಿ ರಾಜ್ಯದ ದನಗಳನ್ನು ಈ ರೋಗ ಕಾಡಿದಾಗ ಕೊಟ್ಟಿಗೆಯ ಶುಚಿಗೆ ಫಿನಾಲಿಕ್ ದ್ರವಗಳು ತಕ್ಕ ಆಯ್ಕೆಯಾಗಿದ್ದವು, ಆದರೆ ರೋಗ ಹರಡುವುದು ಹೆಚ್ಚಾಗಿ ಸೊಳ್ಳೆ, ನೊಣ, ಉಣ್ಣೆಗಳಿಂದ ಎಂಬುದನ್ನು ಮರೆಯಬಾರದು. ಕ್ಷಯದ ರೋಗಾಣುವಿನ ಮೇಣದಂತಹ ಹೊದಿಕೆಯನ್ನೂ ಫಿನಾಲಿಕ್‌ಗಳು ಭೇದಿಸುತ್ತವೆ. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಜಾಗವನ್ನು, ಕಸ (ಮಾಸು) ಬಿದ್ದ ಜಾಗವನ್ನು ತೊಳೆಯಲು ಅವು ಉಪಯುಕ್ತ. ಅಂತಹ ಕಸವನ್ನು ಬರಿಗೈಯಲ್ಲಿ ಮುಟ್ಟಬಾರದು, ಏಕೆಂದರೆ ಕಂದು ಹಾಕಿಸುವ ಬ್ರೂಸೆಲ್ಲೋಸಿಸ್ ರೋಗ ಮನುಷ್ಯರಿಗೂ ಅಂಟುತ್ತದೆ.

ಕಾಲುಬಾಯಿ ರೋಗದ ವಿಷಯ ಬೇರೆ. ಅದರ ವೈರಾಣುವಿಗೆ ಕೊಬ್ಬಿನ ಹೊದಿಕೆಯೇ ಇಲ್ಲ, ಆದ್ದರಿಂದ ಫಿನೈಲ್, ಡೆಟಾಲ್ ಯಾವುದೂ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಆದರೆ ಆ ವೈರಾಣು ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 6ಕ್ಕಿಂತ ಇಳಿದರೂ 9ಕ್ಕಿಂತ ಏರಿದರೂ ಉಳಿಯಲಾರದು. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಹಾಕಿದ ಶೇಕಡ 4ರ ದ್ರಾವಣ ಅಲ್ಲಿ ಫಿನೈಲಿಗಿಂತ ಅಗ್ಗವೂ ಹೌದು, ಸರಿಯಾದದ್ದೂ ಹೌದು. ನೆರಡಿ (ಆಂಥ್ರಾಕ್ಸ್) ಮತ್ತು ಚಪ್ಪೆ ರೋಗದ ರೋಗಾಣುಗಳು ಬೀಜಕಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಅವನ್ನು ಫಿನಾಲಿಕ್‌ಗಳು ಕೊಲ್ಲಲಾರವು. ರಾಸು ಹಠಾತ್ತನೆ ಸತ್ತು ಮೂಗು, ಗುದದ್ವಾರಗಳಿಂದ ಕಪ್ಪು ರಕ್ತ ಬಂದಿದ್ದರೆ ಕೊಯ್ಯದೆ, ಎಳೆದಾಡದೆ, ಪಶುವೈದ್ಯರಿಗೆ ತಿಳಿಸಬೇಕು.

ಕೆಚ್ಚಲು ಬಾವು ತಡೆಯಲು ಕರೆದಾದ ಮೇಲೆ ತೊಟ್ಟು ಅದ್ದುವುದಕ್ಕೆ ಅಯೋಡಿನ್ ಆಧಾರಿತ ದ್ರಾವಣವನ್ನು ಬಳಸಬೇಕು, ಫಿನೈಲ್ ಎಂದಿಗೂ ಅಲ್ಲ. ಬೆಕ್ಕು ಓಡಾಡುವ ಮನೆಯಲ್ಲಿ ಫಿನಾಲಿಕ್‌ಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಬೆಕ್ಕಿನ ಪಿತ್ತಜನಕಾಂಗಕ್ಕೆ ಫಿನಾಲನ್ನು ಸರಿಯಾಗಿ ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ, ಮತ್ತು ಒದ್ದೆ ನೆಲದ ಮೇಲೆ ನಡೆದು ಬಂದು ಅದು ತನ್ನ ಪಾದಗಳನ್ನೇ ನೆಕ್ಕುತ್ತದೆ. ಹಂದಿಗಳಿಗೂ ಡಾಂಬರಿನ ಫಿನಾಲುಗಳು ಬೇಗ ವಿಷವಾಗುತ್ತವೆ.

ಹಾಲು, ಕುಡಿಯುವ ನೀರು ಮತ್ತು ಕಾಫಿ

ಹಾಲು ಕೊಬ್ಬಿರುವ ಪದಾರ್ಥವಾದ್ದರಿಂದ ಫಿನಾಲಿನ ವಾಸನೆಯನ್ನು ಎಳೆದುಕೊಳ್ಳುತ್ತದೆ. ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲು ಸೇರುತ್ತದೆ, ಒಂದು ಕ್ಯಾನಿನ ಕೆಟ್ಟ ವಾಸನೆ ಇಡೀ ಡೇರಿಯ ಹಾಲಿಗೆ ಬರಬಹುದು. ಕರೆಯುವ ಹೊತ್ತಿಗೆ ಮುಂಚೆ ಫಿನೈಲ್ ಬಳಸಬಾರದು, ಹಾಲಿನ ಪಾತ್ರೆಗಳಿಗೆ ಅದನ್ನು ಮುಟ್ಟಿಸಲೇಬಾರದು.

ಕುಡಿಯುವ ನೀರಿನಲ್ಲಿ ಫಿನಾಲಿನ ಅಂಶ ಎಷ್ಟು ಸೂಕ್ಷ್ಮವಾಗಿದ್ದರೂ ಕ್ಲೋರಿನ್ ಹಾಕಿದಾಗ ಅದು ಕ್ಲೋರೋಫಿನಾಲಾಗಿ ಔಷಧದಂತಹ ರುಚಿ ಬರುತ್ತದೆ. ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಫಿನಾಲಿಕ್ ವಸ್ತುಗಳಿಗೆ ಲೀಟರಿಗೆ 0.001 ಮಿಲಿಗ್ರಾಂ ಎಂಬ ಕಟ್ಟುನಿಟ್ಟಿನ ಮಿತಿ ಇಟ್ಟಿದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ನೀರಿಗೆ ಆಸ್ಪತ್ರೆಯ ವಾಸನೆ ಬಂದರೆ ಪೌಡರನ್ನು ದೂರುವ ಮೊದಲು ಬಾವಿಯ ಸುತ್ತ ಫಿನೈಲ್ ನೀರು ಎಲ್ಲಿ ಇಂಗುತ್ತಿದೆ ಎಂದು ನೋಡಬೇಕು.

ಕಾಫಿಯ ವಿಷಯ ನಮ್ಮ ಭಾಗದ ಬೆಳೆಗಾರರು ಇನ್ನೂ ಸಾಕಷ್ಟು ಗಮನ ಕೊಡದ ವಿಷಯ. ರಿಯೋ ಎಂದು ರುಚಿಗಾರರು ಕರೆಯುವ, ಬೂಷ್ಟು ಹಿಡಿದ ಔಷಧದಂತಹ ಒಂದು ದೋಷ ಕಾಫಿಯಲ್ಲಿ ಬರುತ್ತದೆ. ಅದರ ಮುಖ್ಯ ಕಾರಣ 2,4,6-ಟ್ರೈಕ್ಲೋರೋಆನಿಸೋಲ್ ಎಂಬ ವಸ್ತು. ಇದು ಹುಟ್ಟುವುದು ಟ್ರೈಕ್ಲೋರೋಫಿನಾಲಿನಿಂದ: ತೇವವಿರುವ ಮರ, ಗೋಣಿಚೀಲ, ಕಾಳುಗಳ ಮೇಲೆ ಬೆಳೆಯುವ ಬೂಷ್ಟುಗಳು ತಮಗೆ ವಿಷವಾದ ಟ್ರೈಕ್ಲೋರೋಫಿನಾಲಿಗೆ ಒಂದು ಮೀಥೈಲ್ ಗುಂಪು ಸೇರಿಸಿ ಅದನ್ನು ಟ್ರೈಕ್ಲೋರೋಆನಿಸೋಲಾಗಿ ಬದಲಿಸಿಬಿಡುತ್ತವೆ. ದ್ರವದಲ್ಲಿ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುವಷ್ಟು ಅದರ ವಾಸನೆ ಬಲವಾದದ್ದು, ಮತ್ತು ಹುರಿದರೂ ಪೂರ್ತಿ ಹೋಗುವುದಿಲ್ಲ. ಗೋದಾಮಿನ ಮರದ ಹಲಗೆಗಳಿಗೆ ಫಿನೈಲ್ ಬಳಿದು, ಇನ್ನೊಂದು ದಿನ ಅದೇ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಎರಚಿ, ಮಳೆಗಾಲದ ತೇವದಲ್ಲಿ ಬಾಗಿಲು ಮುಚ್ಚಿಟ್ಟರೆ ಈ ದೋಷಕ್ಕೆ ಬೇಕಾದ ಎಲ್ಲವನ್ನೂ ನಾವೇ ಒದಗಿಸಿದಂತೆ. ಹಾಗಾಗಿ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಕಣ, ಗೋದಾಮು, ಚೀಲ ಇಡುವ ಹಲಗೆಗಳು, ಕಾಫಿ ಸಾಗಿಸುವ ಗಾಡಿಯ ನೆಲ, ಇವುಗಳಲ್ಲಿ ಯಾವುದಕ್ಕೂ ಫಿನಾಲಿಕ್ ದ್ರವ ಬಳಸಬಾರದು. ಅಲ್ಲಿ ಬೇಕಾದದ್ದು ಬಿಸಿನೀರು, ಬ್ರಷ್ಷು, ಬಿಸಿಲು ಮತ್ತು ಗಾಳಿ. ಫಿನೈಲ್ ಡಬ್ಬ ಇಟ್ಟಿದ್ದ ಚೀಲಕ್ಕೆ ಅರೇಬಿಕಾ ಪಾರ್ಚ್‌ಮೆಂಟನ್ನಾಗಲಿ (ಸಿಪ್ಪೆ ಬಿಡಿಸಿ ಒಣಗಿಸಿದ ಕಾಳು) ರೋಬಸ್ಟಾ ಚೆರ್ರಿಯನ್ನಾಗಲಿ (ಇಡಿಯಾಗಿ ಒಣಗಿಸಿದ ಹಣ್ಣು) ತುಂಬಬಾರದು. ಒಂದು ವರ್ಷದ ಬೆಳೆಯನ್ನು ಕೊಂಡವರು ರುಚಿ ನೋಡಿ ಹಿಂದಿರುಗಿಸಿದರೆ ಆಗುವ ನೋವು ಬೆಳೆದವರಿಗೇ ಗೊತ್ತು.

ಮೈಗೆ ತಾಗಿದರೆ, ಮತ್ತು ಉಳಿದದ್ದರ ವಿಲೇವಾರಿ

ದಟ್ಟವಾದ ದ್ರವವನ್ನು ಬಗ್ಗಿಸುವಾಗ ದಪ್ಪ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಗಮ್‌ಬೂಟು ಬೇಕು. ದಟ್ಟ ಫಿನಾಲ್ ತಾಗಿದ ಚರ್ಮ ಮೊದಲು ಬಿಳಿಚಿಕೊಂಡು ಆಮೇಲೆ ಕಂದಾಗುತ್ತದೆ. ಅದು ನರಗಳನ್ನು ಜೋಮು ಹಿಡಿಸುವುದರಿಂದ ಆರಂಭದಲ್ಲಿ ನೋವೇ ಆಗುವುದಿಲ್ಲ, ನೋವಿಲ್ಲವೆಂದು ಕೆಲಸ ಮುಂದುವರಿಸುವಷ್ಟರಲ್ಲಿ ಅದು ಒಳಗಿಳಿದಿರುತ್ತದೆ. ತಾಗಿದ ತಕ್ಷಣ ಬಟ್ಟೆ ಕಳಚಿ, ಕನಿಷ್ಠ 15 ನಿಮಿಷ ಧಾರೆಯಾಗಿ ನೀರು ಹರಿಸಬೇಕು. ಒಂದು ಚೊಂಬು ನೀರು ಹಾಕಿ ಒರೆಸಿಕೊಂಡರೆ ಅದು ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಕಣ್ಣಿಗೆ ಬಿದ್ದರೂ ಇದೇ ಕ್ರಮ. ಕುಡಿದಿದ್ದರೆ ವಾಂತಿ ಮಾಡಿಸಬಾರದು, ಏಕೆಂದರೆ ಇಳಿಯುವಾಗ ಸುಟ್ಟ ಗಂಟಲನ್ನು ಅದು ಏರುವಾಗಲೂ ಸುಡುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಬಾಟಲಿಯನ್ನು ಜೊತೆಗೆ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು, ಲೇಬಲ್ ಇದ್ದರೆ ವೈದ್ಯರಿಗೆ ಅರ್ಧ ಕೆಲಸ ಸುಲಭ.

ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡಬಾರದು, ಬೇಕಾದಷ್ಟನ್ನೇ ಬೆರೆಸಿಕೊಳ್ಳಬೇಕು. ಖಾಲಿ ಡಬ್ಬಗಳನ್ನು ಮೂರು ಸಲ ತೊಳೆದು, ಆ ನೀರನ್ನೂ ಅದೇ ದಿನದ ದ್ರಾವಣಕ್ಕೆ ಸೇರಿಸಿ, ಡಬ್ಬಕ್ಕೆ ತೂತು ಮಾಡಿ ಗುಜರಿಗೆ ಕೊಡಬೇಕು. ಅದರಲ್ಲಿ ಮೊಸರು, ಎಣ್ಣೆ, ಕುಡಿಯುವ ನೀರು ತುಂಬುವ ಅಭ್ಯಾಸ ನಿಲ್ಲಬೇಕು. ಕ್ಲೋರಿನ್ ಸೇರಿದ ಫಿನಾಲಿಕ್ ಬಳಿದ ಹಳೆಯ ಮರವನ್ನಾಗಲಿ, ಅದರಲ್ಲಿ ನೆನೆದ ಗೋಣಿಯನ್ನಾಗಲಿ ನೀರೊಲೆಗೆ ಹಾಕಬಾರದು, ಅರೆಬೆಂದ ಉರಿಯಲ್ಲಿ ಅದರಿಂದ ಡಯಾಕ್ಸಿನುಗಳು ಹುಟ್ಟುತ್ತವೆ. ಫಿನೈಲನ್ನು ಒಂದು ಕಪಾಟಿನಲ್ಲಿ, ಬ್ಲೀಚಿಂಗ್ ಪೌಡರನ್ನು ಇನ್ನೊಂದರಲ್ಲಿ, ಆಮ್ಲವನ್ನು ಇವೆರಡರಿಂದಲೂ ದೂರದಲ್ಲಿ ಇಟ್ಟು, ಒಂದಕ್ಕೆ ಬಳಸಿದ ಬಕೆಟ್ಟು ಮತ್ತು ಮಗ್ಗನ್ನು ಇನ್ನೊಂದಕ್ಕೆ ಬಳಸದಂತೆ ಬಣ್ಣದ ಗುರುತು ಹಾಕಿಡಬೇಕು. ಒಂದೇ ನೆಲಕ್ಕೆ ಎರಡನ್ನೂ ಬಳಸಲೇಬೇಕಾದ ಸಂದರ್ಭ ಬಂದರೆ, ಮೊದಲನೆಯದನ್ನು ಪೂರ್ತಿ ತೊಳೆದು, ನೆಲ ಒಣಗಿ, ವಾಸನೆ ಹೋದ ಮೇಲೆ, ಬೇರೆ ದಿನ ಎರಡನೆಯದನ್ನು ಬಳಸಬೇಕು.